ಫರಂಗಿಪೇಟೆಯಲ್ಲಿ ಆಟಿಯ ಮೀನು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಬಿ.ಸಿ. ರೋಡಿಗೆ ಹೋಗುವ ಬಸ್ಸು ಪಡೀಲು, ಕಣ್ಣೂರು, ಅಡ್ಯಾರು ದಾಟಿದ ಮೇಲೆ ಬಲಬದಿಯ ಕಿಟಕಿಯಲ್ಲಿ ಕೂತವರಿಗೆ ನೇತ್ರಾವತಿ ಸಿಗುತ್ತದೆ. ಬೇಸಗೆಯಲ್ಲಿ ಮರಳದಿಣ್ಣೆಗಳ ನಡುವೆ ದಾರಿ ಹುಡುಕಿಕೊಂಡು ಹೋಗುವ ಹೊಳೆ ಮಳೆಗಾಲದ ಆಟಿ ತಿಂಗಳಲ್ಲಿ ದಡದಿಂದ ದಡಕ್ಕೆ ಕೆಂಪಾಗಿ ತುಂಬಿರುತ್ತದೆ. ವಳಚ್ಚಿಲ್, ಅರ್ಕುಳ, ಆಮೇಲೆ ಫರಂಗಿಪೇಟೆ. ಹೆದ್ದಾರಿ ನಾಲ್ಕು ಪಥವಾದ ಮೇಲೆ ಬಹಳ ಜನ ಈ ಊರನ್ನು ಬಸ್ಸಿನ ಕಿಟಕಿಯಲ್ಲಷ್ಟೇ ಕಂಡು ತುಂಬೆಯ ಕಡೆಗೆ ಹೊರಟುಬಿಡುತ್ತಾರೆ. ಇಳಿದು ಒಳದಾರಿ ಹಿಡಿದರೆ ಅಡಕೆ ತೋಟ, ತೆಂಗು, ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಮಳೆಗೆ ಪಾಚಿಗಟ್ಟಿದ ಮುರಕಲ್ಲಿನ ಪಾಗಾರ, ಎತ್ತರದಲ್ಲಿ ಮೊಂತೆ ಮರಿಯಾನೊ ಚರ್ಚು.

ಈ ಚರ್ಚಿನ ಮೂಲ 16ನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಫ್ರಾನ್ಸಿಸ್ಕನ್ ಪಾದ್ರಿಗಳಿಗೆ ಹೋಗುತ್ತದೆ. ಈಗ ಅದು ಕಪುಚಿನ್ ಸಭೆಯವರ ಆಶ್ರಮ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಜಿಲ್ಲೆಯ ಇಗರ್ಜಿಗಳು ಸಾಲಾಗಿ ನೆಲಕ್ಕುರುಳಿದವು. ಹೈದರಾಲಿಯ ಸ್ನೇಹ ಸಂಪಾದಿಸಿದ್ದ ಮಿರಾಂಡ ಎಂಬ ಪಾದ್ರಿಯಿಂದಾಗಿ ಇದು ಉಳಿಯಿತೆಂದು ಊರವರು ಇವತ್ತಿಗೂ ಹೇಳುತ್ತಾರೆ. ಪರಂಗಿಯವರು, ಅಂದರೆ ಈ ಪೋರ್ಚುಗೀಸರು, ಬಂದದ್ದು ಅಕ್ಕಿಗೆ, ಮೆಣಸಿಗೆ. ಗೋವೆಯ ಅವರ ಪಾಳೆಯಗಳಿಗೆ ಈ ಕರಾವಳಿಯ ಅಕ್ಕಿ ಹಡಗಿನಲ್ಲಿ ಹೋಗುತ್ತಿತ್ತು. ಅವರು ತಂದುಕೊಟ್ಟದ್ದರ ಪಟ್ಟಿ ನಮ್ಮ ಅಡುಗೆಮನೆಯಲ್ಲೇ ಇದೆ: ಕೆಂಪು ಮೆಣಸು, ಗೇರು, ಅನನಾಸು, ಪಪ್ಪಾಯಿ. ಬ್ಯಾಡಗಿ ಮೆಣಸಿಲ್ಲದ ತುಳುನಾಡಿನ ಮೀನುಸಾರನ್ನು ಇವತ್ತು ಯಾರೂ ಊಹಿಸಲಾರರು.

ನಾನು ಹೋದದ್ದು ಗೆಳೆಯನ ಮನೆಗೆ. ಅವನ ತಾಯಿಯನ್ನು ಸುತ್ತಲಿನವರೆಲ್ಲ ಬಾಯಮ್ಮ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆಟಿಯಲ್ಲಿ ಹೋದದ್ದಕ್ಕೆ ಕಾರಣವಿದೆ. ಜೂನ್ 1ರಿಂದ ಜುಲೈ 31ರ ತನಕ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ರೊಚ್ಚಿಗೆದ್ದಿರುವ ಕಾಲ. ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಸಮುದ್ರ ಸ್ವಲ್ಪ ಸುಮ್ಮನಾದ ದಿನ ನಾಡದೋಣಿಯವರು ಒಂದಿಷ್ಟು ತರುತ್ತಾರೆ. ಉಳಿದದ್ದು ಪೂರ್ವ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬರುತ್ತದೆ, ಅಲ್ಲಿನ ನಿಷೇಧ ಜೂನ್ ಮಧ್ಯಕ್ಕೇ ಮುಗಿದಿರುತ್ತದೆ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಬರುವ ಮೀನಿನವರು ಈ ದಿನಗಳಲ್ಲಿ ಹೇಳುವ ರೇಟು ಕೇಳಿದ ಗೃಹಿಣಿಯರು ಮುಚ್ಚಳ ತೆಗೆಸಿ, ಕಿವಿರು ಎತ್ತಿ ನೋಡಿ, ಬೇಡವೆಂದು ಒಳಗೆ ಹೋಗುವುದೇ ಹೆಚ್ಚು.

ಇಂಥ ತಿಂಗಳಿಗೆಂದೇ ತುಳುನಾಡು ಒಂದು ಇಡೀ ಅಡುಗೆಯನ್ನು ಕಟ್ಟಿಕೊಂಡಿದೆ. ಬೇಸಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆ, ಅಂದರೆ ಉಪ್ಪಡ್ ಪಚ್ಚಿರ್. ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜ. ಮಾವಿನ ಮಿಡಿ. ಎಲ್ಲಕ್ಕಿಂತ ಮೇಲೆ ಒಣಮೀನು, ತುಳುವಿನ ನುಂಗೆಲ್ ಮೀನ್. ಬಾಯಮ್ಮನ ಅಡುಗೆಮನೆಯ ಒಲೆಯ ಮೇಲಿನ ಹಲಗೆಯಲ್ಲಿ ಇವೆಲ್ಲ ಇದ್ದವು. ಪಕ್ಕದಲ್ಲಿ, ಅದೇ ಹಲಗೆಯಲ್ಲಿ, ಟಿನ್ ಮೀನುಗಳು. ದುಬೈಯಿಂದ ಮಗಳು ತಂದ ಕ್ಯಾಲಿಫೋರ್ನಿಯಾ ಗಾರ್ಡನ್ ಟ್ಯೂನಾ, ಕೇರಳದ ಅರೂರಿನಲ್ಲಿ ತಯಾರಾಗುವ ಟೇಸ್ಟಿ ನಿಬಲ್ಸ್, ಮತ್ತೆ ಪ್ರವಾಸಿ ಹಡಗಿನಲ್ಲಿ ಕೆಲಸಕ್ಕಿರುವ ಅಳಿಯ ಪೋರ್ಚುಗಲ್‌ನಿಂದ ತಂದ, ಕಾಗದದಲ್ಲಿ ಸುತ್ತಿದ ಕೆಲವು ಚಪ್ಪಟೆ ಡಬ್ಬಿಗಳು. "ಟಿನ್ ಅಂತ ಹೇಳಿ ತಾತ್ಸಾರ ಮಾಡ್ಬೇಡಿ ಮಾರಾಯ್ರೆ," ಎಂದರು ಬಾಯಮ್ಮ, ನಾನೇನೂ ಹೇಳುವ ಮೊದಲೇ. "ಇದು ಸಹ ಆಟಿಗೆ ಅಂತ ಇಟ್ಟ ಮೀನೇ."

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಮ್ಮಲ್ಲಿ ಟಿನ್ ಮೀನೆಂದರೆ ಹಸಿ ಮೀನು ಸಿಗದವರ ಗತಿ ಎಂಬ ಭಾವನೆ ಬೇರೂರಿದೆ. ಒಣಮೀನಿನ ಬಗ್ಗೆ ನಾವು ಹಾಗೆ ಯೋಚಿಸುವುದಿಲ್ಲ. ಅದು ಹಸಿಮೀನಿನ ಬದಲಿಯೆಂದು ಯಾರೂ ತಿನ್ನುವುದಿಲ್ಲ. ಅದಕ್ಕೆ ಅದರದೇ ರುಚಿ, ಅದರದೇ ಚಟ್ನಿ, ಅದರದೇ ಗಂಜಿ. ಟಿನ್ನಿಗೂ ಆ ಮರ್ಯಾದೆ ಸಲ್ಲಬೇಕು. ಕೊಡಬೇಕಾದರೆ ಡಬ್ಬಿ ಒಳ್ಳೆಯದಿರಬೇಕು, ಅಡುಗೆ ಮಾಡುವವರಿಗೆ ಅದರ ಸ್ವಭಾವ ಗೊತ್ತಿರಬೇಕು.

ಪೋರ್ಚುಗಲ್‌ನ ಡಬ್ಬಿಯನ್ನು ಮೊದಲು ಬಿಡಿಸಿದೆವು. ಪೋರ್ಟೊ ನಗರದ ಪಕ್ಕದ ಮಾಟೊಸಿನ್ಯೋಸ್ ಎಂಬ ಬಂದರಿನಲ್ಲಿ 1920ರಲ್ಲಿ ಶುರುವಾದ ಪಿನ್ಯಾಯಿಸ್ ಕಾರ್ಖಾನೆಯ ನುರಿ ಎಂಬ ಹೆಸರಿನ ಸಾರ್ಡೀನ್ ಅದು. ಅಲ್ಲಿ ಇವತ್ತಿಗೂ ಹೆಂಗಸರು ಮೀನನ್ನು ಕೈಯಲ್ಲೇ ಕೊಯ್ದು, ಕೈಯಲ್ಲೇ ಜೋಡಿಸಿ, ಪ್ರತಿ ಡಬ್ಬಿಗೂ ಕೈಯಲ್ಲೇ ಕಾಗದ ಸುತ್ತುತ್ತಾರೆ. ಬಾಯಮ್ಮ ಕಾಗದವನ್ನು ಹರಿಯದಂತೆ ಬಿಚ್ಚಿ ಮಡಚಿ ಇಟ್ಟರು. ಉಂಗುರಕ್ಕೆ ಚಮಚದ ಹಿಡಿ ಸಿಕ್ಕಿಸಿ ಎಳೆದಾಗ ಆಲಿವ್ ಎಣ್ಣೆ ಅಂಚಿನ ತನಕ ಬಂತು. ಒಳಗೆ ತಲೆ ತೆಗೆದ ನಾಲ್ಕು ಮೀನು, ಬೆನ್ನು ನೀಲಿ, ಹೊಟ್ಟೆ ಬೆಳ್ಳಿ. ಚರ್ಮ ಒಂದು ಕಡೆಯೂ ಕಿತ್ತಿರಲಿಲ್ಲ. ನಡುವೆ ಕ್ಯಾರೆಟ್ಟಿನ ಒಂದು ಬಿಲ್ಲೆ, ಉಪ್ಪಿನಕಾಯಿ ಸೌತೆಯ ಒಂದು ಚೂರು, ಬಿರಿಯಾನಿ ಎಲೆಯ ತುಣುಕು, ಒಂದು ಲವಂಗ, ಒಂದು ಸಣ್ಣ ಕೆಂಪು ಮೆಣಸು, ಕರಿಮೆಣಸಿನ ಕಾಳು. ಬಾಯಮ್ಮ ಕರಿಮೆಣಸಿನ ಕಾಳನ್ನು ಬೆರಳ ತುದಿಯಲ್ಲಿ ಎತ್ತಿ, ಜಗಿದು, "ನಮ್ಮದರಷ್ಟು ಖಾರ ಇಲ್ಲ" ಎಂದು ತೀರ್ಪು ಕೊಟ್ಟರು. ಅವರ ಅಂಗಳದ ಅಡಕೆ ಮರಕ್ಕೆ ಹಬ್ಬಿದ ಬಳ್ಳಿ ಕಿಟಕಿಯಿಂದ ಕಾಣುತ್ತಿತ್ತು.

ಮೀನನ್ನು ಬೆರಳಲ್ಲಿ ಒತ್ತಿದರೆ ನಡುಮೂಳೆ ಪುಡಿಯಾಗುತ್ತದೆ. ಇದೇ ಟಿನ್ನಿನ ಗುಟ್ಟು. ಡಬ್ಬಿಯ ಬಾಯಿ ಮುಚ್ಚಿದ ಮೇಲೆ ಅದನ್ನು ಆವಿಯ ಒತ್ತಡದಲ್ಲಿ ಸುಮಾರು 115ರಿಂದ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಆ ಶಾಖಕ್ಕೆ ಮೂಳೆ ಮೆತ್ತಗಾಗಿ ಸುಣ್ಣದ ಅಂಶ ತಿನ್ನುವಂತಾಗುತ್ತದೆ, ಗಾಳಿಯಿಲ್ಲದಲ್ಲಿ ಬೆಳೆಯುವ ಬಾಟುಲಿಸಂ ವಿಷದ ಬೀಜಾಣುಗಳು ಸಾಯುತ್ತವೆ. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಆಪೆರ್, ಸೂಕ್ಷ್ಮಜೀವಿಗಳ ಬಗ್ಗೆ ಪ್ರಪಂಚಕ್ಕೆ ಏನೂ ಗೊತ್ತಿಲ್ಲದ ಕಾಲದಲ್ಲಿ, ಗಾಜಿನ ಬಾಟಲಿಗೆ ಬಿರಡೆ ಬಿಗಿದು ಕುದಿಸಿಟ್ಟರೆ ಆಹಾರ ಕೆಡದೆಂದು ತೋರಿಸಿ 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ನಾಂತ್ ಪಟ್ಟಣದ ಜೋಸೆಫ್ ಕೊಲಿನ್ 1820ರ ದಶಕದಲ್ಲಿ ಸಾರ್ಡೀನನ್ನು ಡಬ್ಬಿಗೆ ಹಾಕುವ ಕಾರ್ಖಾನೆ ತೆರೆದ. ಪೋರ್ಚುಗಲ್‌ನ ರಮಿರೇಜ್ ಸಂಸ್ಥೆ 1853ರದು, ಇವತ್ತೂ ನಡೆಯುತ್ತಿದೆ. ಒಳ್ಳೆ ಎಣ್ಣೆಯಲ್ಲಿಟ್ಟ ಸಾರ್ಡೀನ್ ವರ್ಷ ಕಳೆದಷ್ಟೂ ಮಾಗುತ್ತದೆ. ಫ್ರಾನ್ಸಿನಲ್ಲಿ ಡಬ್ಬಿಗೆ ವರ್ಷ ನಮೂದಿಸಿ, ಎಣ್ಣೆ ಎಲ್ಲ ಕಡೆ ಇಳಿಯಲೆಂದು ಆಗಾಗ ಮಗುಚಿ ಇಡುವವರಿದ್ದಾರೆ. ನಮ್ಮ ಭರಣಿಯ ಉಪ್ಪಿನಕಾಯಿಯೂ ಹೀಗೇ ಮಾಗುವುದು.

ನುರಿಯ ಆ ಡಬ್ಬಿಯನ್ನು ಬಾಯಮ್ಮ ಅಡುಗೆಗೆ ಬಳಸಲಿಲ್ಲ. ಅದು ಹಾಗೇ ತಿನ್ನುವ ಮೀನು. ಕುಚ್ಚಲಕ್ಕಿ ಗಂಜಿ ಬಡಿಸಿ, ಪಕ್ಕಕ್ಕೆ ಎರಡು ಮೀನು, ಹಸಿ ಈರುಳ್ಳಿ, ಗಂಜಿಯ ಮೇಲೆ ಡಬ್ಬಿಯ ಎಣ್ಣೆ ಒಂದು ಚಮಚ. ಗಂಜಿಯ ಬಿಸಿಗೆ ಲವಂಗದ ವಾಸನೆ ಏಳುತ್ತದೆ. ಮಳೆ ಹಂಚಿನ ಮೇಲೆ ಹೊಯ್ಯುತ್ತಿರುವಾಗ ಇದಕ್ಕಿಂತ ಒಳ್ಳೆಯ ಊಟ ನನಗೆ ನೆನಪಾಗುವುದಿಲ್ಲ.

ಪ್ರಯೋಗಕ್ಕೆ ಇಳಿದದ್ದು ಕಡಿಮೆ ಬೆಲೆಯ ಡಬ್ಬಿಗಳೊಂದಿಗೆ. ಮೊದಲನೆಯದು ಹುಳಿಖಾರದ ಪುಳಿಮುಂಚಿ. ಹಸಿ ಬೂತಾಯಿಯ, ಅಂದರೆ ನಮ್ಮ ಕಡಲಿನ ಸಾರ್ಡೀನಿನ, ಪುಳಿಮುಂಚಿಯಲ್ಲಿ ಮೀನು ಮಸಾಲೆಯೊಂದಿಗೆ ಕುದಿಯುತ್ತ ತನ್ನ ಕೊಬ್ಬು ಬಿಟ್ಟುಕೊಡುತ್ತದೆ, ಹುಳಿ ಎಳೆದುಕೊಳ್ಳುತ್ತದೆ. ಟಿನ್ ಮೀನು ಆಗಲೇ ಬೆಂದಿರುತ್ತದೆ, ಉಪ್ಪೂ ಹಿಡಿದಿರುತ್ತದೆ. ಆದ್ದರಿಂದ ಬಾಯಮ್ಮ ಕ್ರಮವನ್ನೇ ತಿರುಗಿಸಿದರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ, ಚಿಟಿಕೆ ಓಮ ಹುರಿದು, ಬೆಳ್ಳುಳ್ಳಿ, ಹುಣಸೆ ಸೇರಿಸಿ ನುಣ್ಣಗೆ ಅರೆದರು. ಡಬ್ಬಿಯ ಎಣ್ಣೆಯನ್ನೇ ಮಣ್ಣಿನ ಬಿಸಲೆಗೆ ಸುರಿದು, ಶುಂಠಿ, ಈರುಳ್ಳಿ, ಕರಿಬೇವು ಬಾಡಿಸಿ ಮಸಾಲೆ ಹಾಕಿದರು. ಉಪ್ಪು ಹಾಕಲಿಲ್ಲ. ಹಸಿ ವಾಸನೆ ಹೋಗಿ, ಮಸಾಲೆ ದಪ್ಪಗಾಗಿ, ಅಂಚಿನಲ್ಲಿ ಎಣ್ಣೆ ಬಿಡುವ ತನಕ ಕಾದರು. ಒಲೆ ಆರಿಸಿದ ಮೇಲಷ್ಟೇ ಮೀನುಗಳನ್ನು ಒಂದೊಂದಾಗಿ ಮಲಗಿಸಿ, ಮಸಾಲೆಯನ್ನು ಚಮಚದಿಂದ ಮೇಲೆ ಎಳೆದು, ಮುಚ್ಚಿಟ್ಟರು. ಸೌಟು ಹಾಕಿ ತಿರುಗಿಸಿದರೆ ಮೀನು ಹೋಗಿ ಗೊಜ್ಜಾಗುತ್ತದೆ. ಬಿಸಲೆಯನ್ನೇ ಎರಡು ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು. ಮಧ್ಯಾಹ್ನ ಮಾಡಿದ್ದನ್ನು ರಾತ್ರಿ ನೀರುದೋಸೆಗೆ ತಿಂದೆವು. ಮಸಾಲೆ ಮೂಳೆಯ ತನಕ ಇಳಿದಿತ್ತು, ಮೀನು ಇಡಿಯಾಗಿಯೇ ಇತ್ತು. ಹಸಿ ಬೂತಾಯಿಯ ಪುಳಿಮುಂಚಿಯ ರುಚಿ ಇದಲ್ಲ, ಇದು ಬೇರೆಯೇ ಒಂದು ಪದಾರ್ಥ. ಮೂಳೆ ಬಿಡಿಸುವ ಕೆಲಸವಿಲ್ಲದ್ದರಿಂದ ಮನೆಯ ಸಣ್ಣ ಮಕ್ಕಳು ತಾವೇ ಎತ್ತಿಕೊಂಡು ತಿಂದರು.

ಟ್ಯೂನಾದ ವಿಷಯದಲ್ಲಿ ಗುರುಗಳು ನೆರೆಮನೆಯ ಬ್ಯಾರಿ ಅಕ್ಕ. ಫರಂಗಿಪೇಟೆ, ಅಮ್ಮೆಮಾರು, ಮಾರಿಪಳ್ಳದ ಸುತ್ತಮುತ್ತ ಗಲ್ಫಿಗೆ ಯಾರೂ ಹೋಗದ ಮನೆಯೇ ಅಪರೂಪ. ಅಲ್ಲಿ ಒಂದು ರೂಮಿನಲ್ಲಿ ಆರೆಂಟು ಜನ ಇರುವ ಗಂಡಸರು ರಾತ್ರಿ ಪಾಳಿ ಮುಗಿಸಿ ಬಂದು, ಈರುಳ್ಳಿ ಟೊಮೆಟೊ ಹುರಿದು, ಟ್ಯೂನಾ ಡಬ್ಬಿ ಬಗ್ಗಿಸಿ, ಕುಬ್ಬೂಸಿನ ಜೊತೆ ತಿಂದೇ ಮನೆಗೆ ಹಣ ಕಳಿಸಿದವರು. ಊರಿಗೆ ಮರಳಿದ ಮೇಲೂ ಆ ರುಚಿಯನ್ನು ಕೇಳುತ್ತಾರಂತೆ. ಅಕ್ಕನ ವಿಧಾನ ಹೀಗೆ: ಡಬ್ಬಿಯ ನೀರನ್ನೋ ಎಣ್ಣೆಯನ್ನೋ ಚೆನ್ನಾಗಿ ಹಿಂಡಿ ತೆಗೆಯಬೇಕು, ಒದ್ದೆ ಉಳಿದರೆ ಹೂರಣ ಸಡಿಲವಾಗುತ್ತದೆ. ಈರುಳ್ಳಿ, ಹಸಿಮೆಣಸು, ಕರಿಮೆಣಸು, ಅರಶಿನ, ತುರಿದ ತೆಂಗಿನಕಾಯಿ ಹುರಿದು, ಕೊನೆಗೆ ಮೀನು ಉದುರಿಸಿ, ಅಕ್ಕಿಹಿಟ್ಟಿನ ಪತ್ತಿರ್ ಒಳಗೆ ತುಂಬಿ ಹಬೆಯಲ್ಲಿ ಬೇಯಿಸುವುದು. ಬಾಯಮ್ಮನ ಮನೆಯಲ್ಲಿ ಅದೇ ಟ್ಯೂನಾ ಬಟಾಟೆಯೊಂದಿಗೆ ಸೇರಿ, ರೊಟ್ಟಿಪುಡಿಯಲ್ಲಿ ಹೊರಳಿ, ಕಟ್ಲೆಟ್ ಆಗುತ್ತದೆ. ನನಗೆ ಪತ್ತಿರ್ ಹೆಚ್ಚು ಹಿಡಿಸಿತು. ಟ್ಯೂನಾದ ಒಣ ಎಳೆಗೆ ತೆಂಗಿನಕಾಯಿಯ ಜಿಡ್ಡು ಬೇಕು, ಬಟಾಟೆ ಅದನ್ನು ಇನ್ನಷ್ಟು ಒಣಗಿಸುತ್ತದೆ.

ಟ್ಯೂನಾ ನಮಗೆ ಗಲ್ಫಿನಿಂದ ಬಂದ ಹೊಸ ಮೀನೆಂದು ತಿಳಿಯಬಾರದು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ತೆಂಗು, ಹುರಿಹಗ್ಗ, ಒಣಗಿಸಿದ ಟ್ಯೂನಾ ಹೊತ್ತ ಹಾಯಿಹಡಗುಗಳು ಮಂಗಳೂರಿಗೆ ಬಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ಹಳೆ ಬಂದರಿನಿಂದ ದ್ವೀಪಗಳಿಗೆ ಸಾಮಾನು ಸಾಗುವುದು ಇವತ್ತಿಗೂ ನಿಂತಿಲ್ಲ. ದ್ವೀಪದವರು ಟ್ಯೂನಾವನ್ನು ಬೇಯಿಸಿ, ಹೊಗೆಗೆ ಹಿಡಿದು, ಬಿಸಿಲಿಗೆ ಒಣಗಿಸಿ ಮರದ ಕೊರಡಿನಂತೆ ಗಟ್ಟಿ ಮಾಡುತ್ತಾರೆ, ಅದು ಮಾಸ್‌ಮೀನು. ಮಿನಿಕಾಯ್ ದ್ವೀಪದಲ್ಲಿ 1969ರಲ್ಲಿ ಟ್ಯೂನಾ ಡಬ್ಬಿ ತುಂಬುವ ಸರ್ಕಾರಿ ಕಾರ್ಖಾನೆಯೂ ಶುರುವಾಯಿತು. ಗಾಳ ಹಾಕಿ ಒಂದೊಂದಾಗಿ ಹಿಡಿದ ಮೀನು ಅದು.

ಹಾಗಾದರೆ ನಮ್ಮ ಬೂತಾಯಿ, ನಮ್ಮ ಬಂಗುಡೆ? ಈ ಪ್ರಶ್ನೆ ಬಾಯಮ್ಮನ ಅಡುಗೆಮನೆಯಲ್ಲಿ ನನ್ನನ್ನು ಬಿಡದೆ ಕಾಡಿತು. 20ನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಯ ಹೊಣೆ ಹೊತ್ತ ಫ್ರೆಡರಿಕ್ ನಿಕಲ್ಸನ್ ಈ ಕರಾವಳಿಯ ಬೂತಾಯಿಯನ್ನು ಡಬ್ಬಿಗೆ ಹಾಕಬಹುದೆಂದು ನಂಬಿ ಕಲ್ಲಿಕೋಟೆಯ ಹತ್ತಿರ ಸರ್ಕಾರಿ ಪ್ರಯೋಗಗಳನ್ನು ನಡೆಸಿದ್ದರು. ಆಗ ದಕ್ಷಿಣ ಕನ್ನಡವೂ ಅದೇ ಪ್ರಾಂತ್ಯ. ಆದರೆ ಇಲ್ಲಿ ಬೇರುಬಿಟ್ಟದ್ದು ಬೂತಾಯಿ ಬೇಯಿಸಿ ಎಣ್ಣೆ ತೆಗೆದು, ಉಳಿದದ್ದನ್ನು ಗೊಬ್ಬರಕ್ಕೆ ಮಾರುವ ಕೈಗಾರಿಕೆ. ಈಗಲೂ ಉಳ್ಳಾಲ, ಮುಕ್ಕದ ಕಡೆಯ ಮೀನುಹುಡಿ ಮತ್ತು ಮೀನೆಣ್ಣೆಯ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಬೂತಾಯಿ ಹೋಗುತ್ತದೆ, ಸಿಗಡಿ ಮತ್ತು ಕೋಳಿಯ ಆಹಾರವಾಗಿ ಹೊರಬರುತ್ತದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲೇ ಇದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಭಾರತದ ಮೀನುಗಳನ್ನು ಡಬ್ಬಿಗೂ ಶಾಖ ತಾಳುವ ಚೀಲಕ್ಕೂ ತುಂಬುವ ವಿಧಾನಗಳನ್ನು ರೂಪಿಸಿಕೊಟ್ಟಿದೆ. ವಿದ್ಯೆಗೆ ಕೊರತೆಯಿಲ್ಲ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿಯ ಹೊಟ್ಟೆಯಲ್ಲಿರುವ ಕೊಬ್ಬು ಜಗತ್ತಿನ ಯಾವ ಸಾರ್ಡೀನಿಗೂ ಸಾಟಿ ನಿಲ್ಲುತ್ತದೆ. ಅಂಥ ಮೀನನ್ನು ಹುಡಿ ಮಾಡಿ, ಮೊರಾಕ್ಕೊ, ಪೋರ್ಚುಗಲ್ಲಿನ ಡಬ್ಬಿಯನ್ನು ಮೆಚ್ಚಿ ತಿನ್ನುವುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಬೂತಾಯಿ ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಹುಡುಕಿದರೂ ಸಿಗುವುದಿಲ್ಲ. ರಾಶಿ ಬಿದ್ದ ವರ್ಷದ್ದನ್ನು ಮನುಷ್ಯರ ಊಟಕ್ಕೆ ಉಳಿಸಿಟ್ಟುಕೊಳ್ಳುವ ದಾರಿ ಈ ಡಬ್ಬಿಯಲ್ಲಿದೆ.

ಬಾಯಮ್ಮ ಕಾರ್ಖಾನೆಗೆ ಕಾದು ಕೂತವರಲ್ಲ. ಅವರ ದೊಡ್ಡ ಪ್ರಯೋಗ ನಡೆಯುವುದು ಪ್ರೆಶರ್ ಕುಕ್ಕರಿನಲ್ಲಿ. ಕುಕ್ಕರಿನ ಒಳಗಿನ ಆವಿ ಪೂರ್ಣ ಒತ್ತಡಕ್ಕೆ ಏರಿದಾಗ ಶಾಖ ಹತ್ತಿರ ಹತ್ತಿರ 121 ಡಿಗ್ರಿ ಮುಟ್ಟುತ್ತದೆ, ಕಾರ್ಖಾನೆಯಲ್ಲಿ ಡಬ್ಬಿ ಬೇಯುವುದೂ ಹೆಚ್ಚುಕಡಿಮೆ ಅದೇ ಶಾಖದಲ್ಲಿ. ಬೂತಾಯಿಯ ತಲೆ, ಕರುಳು ತೆಗೆದು, ಉಪ್ಪುನೀರಿನಲ್ಲಿ ಅರ್ಧ ಗಂಟೆ ಇಟ್ಟು, ಒರೆಸಿ, ಕುಕ್ಕರಿನ ತಳಕ್ಕೆ ಬಾಳೆಲೆ ಹಾಸಿ ಒತ್ತಾಗಿ ಜೋಡಿಸುತ್ತಾರೆ. ಮೇಲೆ ಕರಿಮೆಣಸು, ಲವಂಗ, ಸೀಳಿದ ಹಸಿಮೆಣಸು, ಬೆಳ್ಳುಳ್ಳಿ, ಸ್ವಲ್ಪ ವಿನೆಗರ್, ಮೀನು ಮುಳುಗುವಷ್ಟು ಎಣ್ಣೆ ಮತ್ತು ನೀರು. ನೀರು ಕಡಿಮೆಯಾದರೆ ಆವಿ ಏಳದು, ಆದ್ದರಿಂದ ಅದನ್ನು ಅಳೆದೇ ಹಾಕುತ್ತಾರೆ. ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಿ ಒಂದು ಗಂಟೆ. ತಾನಾಗಿಯೇ ತಣಿಯಬೇಕು, ಸೀಟಿ ಎತ್ತಬಾರದು, ಎತ್ತಿದರೆ ಒಳಗೆ ಕುದಿ ಎದ್ದು ಮೀನು ಒಡೆಯುತ್ತದೆ. ತೆರೆದಾಗ ಮೂಳೆ ಬೆರಳಿಗೆ ಪುಡಿಯಾಗುತ್ತದೆ, ಚರ್ಮ ಬೆಳ್ಳಗೇ ಇರುತ್ತದೆ. ಇದನ್ನು ಎಣ್ಣೆ ಸಮೇತ ಪಿಂಗಾಣಿ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸುತ್ತಾರೆ. ಬಾಟಲಿಗೆ ತುಂಬಿ ಹಲಗೆಯ ಮೇಲಿಡುವ ಮಾತೇ ಇಲ್ಲ. ಮುಚ್ಚಿದ ಡಬ್ಬಿಯೊಳಗೇ ಆ ಶಾಖದಲ್ಲಿ ಬೆಂದದ್ದು ಮಾತ್ರ ಹೊರಗೆ ಕೆಡದೆ ಉಳಿಯುತ್ತದೆ. ಬೆಂದ ಮೇಲೆ ಬಾಟಲಿಗೆ ಹಾಕಿದ್ದು ಉಳಿಯುವುದಿಲ್ಲ, ಎಣ್ಣೆಯಡಿಯ ಮೀನಿನಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷ ಹುಟ್ಟಬಹುದು. ಅದೇ ಕಾರಣಕ್ಕೆ ಅಂಗಡಿಯ ಡಬ್ಬಿಯೂ ಉಬ್ಬಿದ್ದರೆ, ಅಂಚಿನಲ್ಲಿ ತಗ್ಗು ಬಿದ್ದಿದ್ದರೆ, ಎಷ್ಟೇ ದುಬಾರಿಯಾಗಿರಲಿ, ಅವರು ಮುಟ್ಟುವುದಿಲ್ಲ. ಕೊಳ್ಳುವಾಗ ಹಿಂಬದಿಯ ಅಕ್ಷರ ಓದುತ್ತಾರೆ: ಮೀನು, ಎಣ್ಣೆ, ಉಪ್ಪು, ಮಸಾಲೆ ಇಷ್ಟಿದ್ದರೆ ಸರಿ. ಯಾವ ಎಣ್ಣೆ ಎಂದು ಬರೆದಿರಬೇಕು, ಎಣ್ಣೆ ಬಸಿದ ಮೇಲೆ ಮೀನಿನ ತೂಕ ಎಷ್ಟೆಂದೂ ಬರೆದಿರಬೇಕು.

ಹೊರಡುವ ದಿನ ಬೆಳಗ್ಗೆ ಬ್ಯಾರಿ ಅಕ್ಕ ಬಿಂಬುಳಿಯ ಒಂದು ಗೊಂಚಲು ಹಿಡಿದುಕೊಂಡು ಬಂದರು. ಕುಕ್ಕರಿನ ಬೂತಾಯಿಗೆ ವಿನೆಗರ್ ಬೇಡ, ಬಿಂಬುಳಿ ಹೆಚ್ಚಿ ಹಾಕಬೇಕು, ಮೀನಿನ ಹಸಿವಾಸನೆ ಅದಕ್ಕೇ ಹೋಗುವುದು ಎಂಬುದು ಅವರ ವಾದ. ಬಿಂಬುಳಿಯ ನೀರು ಸೇರಿದರೆ ಎಣ್ಣೆ ಕದಡುತ್ತದೆ, ವಿನೆಗರ್‌ನಲ್ಲಿ ಮೀನು ಗಟ್ಟಿ ನಿಲ್ಲುತ್ತದೆ ಎಂದು ಬಾಯಮ್ಮ. ಒಣಗಿಸಿದ ಪುನರ್ಪುಳಿ ಸಿಪ್ಪೆ ಆದೀತಲ್ಲ ಎಂದು ನಾನು ನಡುವೆ ಹೇಳಿದ್ದನ್ನು ಇಬ್ಬರೂ ಯೋಚಿಸಿ, ಬಣ್ಣ ಬಿಡುತ್ತದೆ ಎಂದು ತಳ್ಳಿಹಾಕಿದರು. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದು, ಕೊಬ್ಬು ತುಂಬಿದ ಬೂತಾಯಿ ಬರತೊಡಗಿದ ಮೇಲೆ ಎರಡು ಕುಕ್ಕರಿನಲ್ಲಿ ಎರಡು ಬಗೆ ಮಾಡಿ ನೋಡುವುದೆಂದು ಗೊತ್ತಾಯಿತು. "ದೀಪಾವಳಿ ಹತ್ತಿರ ಬನ್ನಿ, ಆಗ ಮೀನು ಒಳ್ಳೇದಿರ್ತದೆ," ಎಂದರು ಬಾಯಮ್ಮ. "ಬರುವಾಗ ಧಕ್ಕೆಯಿಂದ ನೀವೇ ತನ್ನಿ, ಬೆಳಗ್ಗೆ ಬೇಗ ಹೋಗಿ. ಕಣ್ಣು ಕೆಂಪಾದ್ದು ತರ್ಬೇಡಿ."